ಕುತ್ತಿಗೆಗೆ ಹಾಕಿದ ಇಂಜೆಕ್ಷನ್ ಹಾಲಿಗೆ ಬರುವ ದಾರಿ



"ಇಂಜೆಕ್ಷನ್ ಹಾಕಿದ್ದು ಕುತ್ತಿಗೆಗೆ, ಕೆಚ್ಚಲಿಗಲ್ಲವಲ್ಲ ಡಾಕ್ಟ್ರೇ, ಹಾಲು ಯಾಕೆ ಡೇರಿಗೆ ಹಾಕಬಾರದು?" ಶಿಕಾರಿಪುರ, ಸೊರಬ ತಾಲ್ಲೂಕುಗಳ ಸಂಘಗಳಿಗೆ ಹೋದಾಗೆಲ್ಲ ಈ ಮಾತು ಕೇಳಿಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಹಸು ಮೇವು ತಿನ್ನುತ್ತಿದೆ, ಜ್ವರ ಇಳಿದಿದೆ, ಹಾಲು ನೋಡಲು ಚೆನ್ನಾಗಿದೆ, ಫ್ಯಾಟ್ ಕೂಡ ಸರಿಯಾಗಿ ಬರುತ್ತಿದೆ. ಅಂಥ ಹಾಲನ್ನು ಚೆಲ್ಲಿ ಎಂದರೆ ಯಾರಿಗಾದರೂ ಸಂಕಟವೇ. ದಿನಕ್ಕೆ 10 ಲೀಟರ್ ಕೊಡುವ ಹಸುವಾದರೆ ಏಳು ದಿನಕ್ಕೆ 70 ಲೀಟರ್. "ನಿಯಮ ಹಾಗಿದೆ" ಎಂದಷ್ಟೇ ಹೇಳಿ ಎದ್ದು ಬಂದರೆ ನೀವು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಗಾಗಿ ಔಷಧಿ ಹಾಲಿಗೆ ಹೇಗೆ ಬರುತ್ತದೆ ಎಂಬುದನ್ನು ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಒಂದು ಲೀಟರ್ ಹಾಲು ತಯಾರಾಗಲು ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹರಿದುಹೋಗಬೇಕು. ಕುತ್ತಿಗೆಗೆ ಚುಚ್ಚಿದ್ದಾಗಲಿ, ಬಾಯಿಗೆ ಹಾಕಿದ್ದಾಗಲಿ, ರಕ್ತ ಸೇರಿದ ಔಷಧಿ ಕೆಚ್ಚಲಿನ ಬಾಗಿಲಿಗೆ ಬಂದೇ ಬರುತ್ತದೆ. ಅಲ್ಲಿಂದ ಒಳಗೆ ಹೋಗಲು ಅದಕ್ಕೆ ಬೇರೆ ಬೇರೆ ದಾರಿಗಳಿವೆ. ಕೊಬ್ಬಿನಲ್ಲಿ ಕರಗುವ ಔಷಧಿಗಳು ಜೀವಕೋಶದ ಪೊರೆಯಲ್ಲಿ ತಾವಾಗಿಯೇ ಇಂಗಿ ಹಾಲಿನ ಬೆಣ್ಣೆ ಅಂಶವನ್ನು ಸೇರುತ್ತವೆ. ರಕ್ತಕ್ಕಿಂತ ಹಾಲು ಸ್ವಲ್ಪ ಹುಳಿ. ಹಾಗಾಗಿ ಎರಿಥ್ರೋಮೈಸಿನ್, ಟೈಲೋಸಿನ್‌ನಂಥ ಕೆಲವು ಔಷಧಿಗಳು ಹಾಲಿಗೆ ಬಂದ ಮೇಲೆ ವಾಪಸ್ ಹೋಗಲಾಗದೆ ಅಲ್ಲೇ ಸಿಕ್ಕಿಬೀಳುತ್ತವೆ. ಈ ಎರಡು ದಾರಿಗಳು ಹಿಂದಿನಿಂದಲೂ ಗೊತ್ತಿದ್ದವು. ಮೂರನೆಯದು ಚೆನ್ನಾಗಿ ಅರ್ಥವಾದದ್ದು ಈಚಿನ ಇಪ್ಪತ್ತು ವರ್ಷಗಳಲ್ಲಿ.

ಮಂಡಿಯಲ್ಲಿ ಮೂಟೆ ಹೊರುವ ಹಮಾಲರನ್ನು ನೆನಪಿಸಿಕೊಳ್ಳಿ. ಜೀವಕೋಶದ ಪೊರೆಯಲ್ಲೂ ಅಂಥ ಹಮಾಲರಿದ್ದಾರೆ. ಇವರು ಪೊರೆಯಲ್ಲೇ ಹುದುಗಿರುವ ಸಾಗಣೆ ಪ್ರೋಟೀನುಗಳು. ಒಂದು ಬದಿಯಲ್ಲಿ ಸಿಕ್ಕಿದ ವಸ್ತುವನ್ನು ಹಿಡಿದು, ದೇಹದ ಇಂಧನ ಖರ್ಚು ಮಾಡಿ, ಇನ್ನೊಂದು ಬದಿಗೆ ಎತ್ತಿ ಹಾಕುವುದು ಇವುಗಳ ಕೆಲಸ. ಇಂಧನ ಸುಡುವುದರಿಂದ ಆ ಕಡೆ ಈಗಾಗಲೇ ಎಷ್ಟು ತುಂಬಿದ್ದರೂ ಮತ್ತೆ ತುಂಬಬಲ್ಲವು. ಇವುಗಳಲ್ಲಿ ಹಾಲಿಗೆ ಸಂಬಂಧಪಟ್ಟ ಮುಖ್ಯ ಪ್ರೋಟೀನಿನ ಹೆಸರು ಎಬಿಸಿಜಿ2. ಸ್ತನ ಕ್ಯಾನ್ಸರ್‌ಗೆ ಕೊಡುವ ಔಷಧಿಗಳನ್ನು ಕ್ಯಾನ್ಸರ್ ಕೋಶಗಳು ಹೊರಗೆ ಎಸೆಯುವುದು ಹೇಗೆ ಎಂದು ಹುಡುಕುತ್ತಿದ್ದ ವಿಜ್ಞಾನಿಗಳು 1998ರಲ್ಲಿ ಇದನ್ನು ಗುರುತಿಸಿದರು.

ಈ ಪ್ರೋಟೀನು ಹಸುವಿಗೆ ಶತ್ರುವಲ್ಲ. ಕರುಳಿನಲ್ಲಿ ಅದು ಮೇವಿನ ಜೊತೆ ಬಂದ ಬೇಡದ ವಸ್ತುವನ್ನು ಕರುಳಿಗೇ ತಿರುಗಿ ತಳ್ಳುತ್ತದೆ, ಪಿತ್ತಜನಕಾಂಗದಲ್ಲಿ ಪಿತ್ತರಸಕ್ಕೆ ತಳ್ಳುತ್ತದೆ, ಗಬ್ಬದ ಹಸುವಿನಲ್ಲಿ ಕರುವಿನ ಕಡೆ ಹೋಗದಂತೆ ತಡೆಯುತ್ತದೆ. ಎಲ್ಲ ಕಡೆ ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ಹೊರಗೆ ಹಾಕುವುದು. ತೊಂದರೆ ಏನೆಂದರೆ, ಕೆಚ್ಚಲಿನಲ್ಲಿ 'ಹೊರಗೆ' ಅಂದರೆ ಹಾಲು.

2005ರಲ್ಲಿ ನೆದರ್‌ಲ್ಯಾಂಡ್ಸ್‌ನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಇದನ್ನು ಇಲಿಗಳಲ್ಲಿ ತೋರಿಸಿಕೊಟ್ಟರು. ಈ ಪ್ರೋಟೀನು ಇಲ್ಲದ ತಾಯಿ ಇಲಿಯ ಹಾಲಿಗೆ ಹೋಲಿಸಿದರೆ, ಇದ್ದ ಇಲಿಯ ಹಾಲಿನಲ್ಲಿ ಔಷಧಿ ಬಹಳ ಹೆಚ್ಚಾಗಿ ಸೇರಿತ್ತು. ಹಾಲು ಕೊಡುವ ಕಾಲದಲ್ಲಿ ಕೆಚ್ಚಲಿನ ಕೋಶಗಳಲ್ಲಿ ಇದರ ಪ್ರಮಾಣ ಏರುತ್ತದೆ ಎಂದೂ ಕಂಡುಬಂತು. ಇಲಿ, ಹಸು, ಮನುಷ್ಯ ಮೂವರಲ್ಲೂ. ಅಂದರೆ ಬತ್ತಿದ ಹಸುವಿನಲ್ಲಿ ಅರೆ ಮುಚ್ಚಿದ್ದ ಬಾಗಿಲು ಕರು ಹಾಕಿ ಹಾಲಿಗೆ ಬಂದಾಗ ಪೂರ್ತಿ ತೆರೆಯುತ್ತದೆ.

ಹಾಗಾದರೆ ಕೆಚ್ಚಲಿನಲ್ಲಿ ಅದು ಇರುವುದಾದರೂ ಯಾತಕ್ಕೆ? ಹಾಲು ಒಡೆದಾಗ ಮೇಲೆ ನಿಲ್ಲುವ ತಿಳಿನೀರನ್ನು ನೋಡಿರುತ್ತೀರಿ, ಹಸಿರು ಮಿಶ್ರಿತ ಹಳದಿ. ಆ ಬಣ್ಣ ರೈಬೋಫ್ಲೇವಿನ್‌ನದು, ಅಂದರೆ ವಿಟಮಿನ್ ಬಿ2. ಅದನ್ನು ಹಾಲಿಗೆ ಹೊತ್ತು ತರುವುದು ಇದೇ ಎಬಿಸಿಜಿ2. ಕರುವಿಗೆ ಬೇಕಾದ ವಿಟಮಿನ್ ತರುವ ಬಾಗಿಲಿನಲ್ಲೇ ಔಷಧಿಯೂ ನುಗ್ಗುತ್ತದೆ. ಬಾಗಿಲು ಮುಚ್ಚಿಸುವ ಯೋಚನೆ ಮಾಡುವ ಹಾಗಿಲ್ಲ.

ನಮ್ಮ ಕೊಟ್ಟಿಗೆಗಳಲ್ಲಿ ಬಳಕೆಯಲ್ಲಿರುವ ಎನ್ರೋಫ್ಲಾಕ್ಸಾಸಿನ್ ಈ ಬಾಗಿಲಿನಲ್ಲಿ ಸಲೀಸಾಗಿ ಬರುವ ಔಷಧಿ. ಹಸುವಿನ ದೇಹದಲ್ಲಿ ಅದರ ಒಂದು ಭಾಗ ಸಿಪ್ರೋಫ್ಲಾಕ್ಸಾಸಿನ್ ಆಗಿ ಬದಲಾಗುತ್ತದೆ. ಹೌದು, ಆಸ್ಪತ್ರೆಯಲ್ಲಿ ನಮಗೆ ನಿಮಗೆ ಬರೆದುಕೊಡುವ ಅದೇ ಮಾತ್ರೆಯ ಔಷಧಿ. ಅದು ದಿನವೂ ಚೂರುಚೂರೇ ಹಾಲಿನಲ್ಲಿ ಹೊಟ್ಟೆಗೆ ಹೋಗುತ್ತಿದ್ದರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ, ಮುಂದೆ ನಿಜಕ್ಕೂ ಬೇಕಾದ ದಿನ ಅದು ಕೆಲಸ ಮಾಡದೆ ಹೋಗಬಹುದು. ಹಾಲು ಕಾಯಿಸಿದರೆ ಈ ಔಷಧಿ ನಾಶವಾಗುವುದಿಲ್ಲ.

ಕೆಲವರು ಹೆಪ್ಪು ಹಾಕಿ ಪರೀಕ್ಷೆ ಮಾಡುತ್ತಾರೆ. ಮೊಸರು ಸರಿಯಾಗಿ ಆಗದಿದ್ದರೆ ಅನುಮಾನ ಪಡುವುದು ಸರಿ, ಆಂಟಿಬಯೋಟಿಕ್ ಹೆಪ್ಪಿನ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಆದರೆ ಮೊಸರು ಗಟ್ಟಿಯಾಯಿತೆಂದು ಹಾಲು ಶುದ್ಧ ಎಂದುಕೊಳ್ಳಬೇಡಿ. ಹೆಪ್ಪಿಗೆ ತಟ್ಟದಷ್ಟು ಪ್ರಮಾಣವೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಒಬ್ಬರ ಕ್ಯಾನಿನ ಹಾಲು ಬಿಎಂಸಿ ಸೇರಿದರೆ ಊರಿನವರೆಲ್ಲರ ಹಾಲೂ ಅದರ ಜೊತೆ ಕೆಡುತ್ತದೆ.

ಇನ್ನು ಉಣ್ಣೆಯ ವಿಷಯ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ಪುಸ್ತಕಗಳಲ್ಲೆಲ್ಲ ಅದಕ್ಕೆ ಆ ಊರಿನದೇ ಹೆಸರು. ಅದನ್ನು ಹರಡುವ ಉಣ್ಣೆ ಬೆಳೆದು ದೊಡ್ಡದಾದ ಮೇಲೆ ದನಗಳ ಮೈಮೇಲೂ ರಕ್ತ ಕುಡಿಯುತ್ತದೆ. ಕಾಡಂಚಿಗೆ ಮೇಯಲು ಹೋಗುವ ದನಗಳಿಗೆ ಉಣ್ಣೆ ಔಷಧಿ ಬೇಡ ಎಂದು ನಾನು ಖಂಡಿತ ಹೇಳುವುದಿಲ್ಲ. ಯಾವ ಔಷಧಿ, ಯಾವಾಗ ಎಂಬುದಷ್ಟೇ ಮಾತು. ಐವರ್ಮೆಕ್ಟಿನ್ ಇಂಜೆಕ್ಷನ್ ಕೊಬ್ಬಿನಲ್ಲಿ ಕರಗುವಂಥದ್ದು, ಕರೆಯುವ ಹಸುವಿಗೆ ಹಾಕಿದರೆ ವಾರಗಟ್ಟಲೆ ಹಾಲಿನಲ್ಲಿ ಬರುತ್ತದೆ. ಅದರ ತಮ್ಮನಂತಿರುವ ಎಪ್ರಿನೋಮೆಕ್ಟಿನ್ ಹಾಲಿಗೆ ಬರುವುದು ತೀರಾ ಕಡಿಮೆ, ಹಾಗಾಗಿ ಹಲವು ದೇಶಗಳಲ್ಲಿ ಅದನ್ನು ಬೆನ್ನಿನ ಮೇಲೆ ಸುರಿದರೆ ಹಾಲು ಚೆಲ್ಲಬೇಕಾಗಿಲ್ಲ. ಅಣು ಸ್ವಲ್ಪವೇ ಬದಲಾದರೂ ದಾರಿ ಎಷ್ಟು ಬದಲಾಗುತ್ತದೆ ನೋಡಿ. ಐವರ್ಮೆಕ್ಟಿನ್ ಹಾಕಲೇಬೇಕಿದ್ದರೆ ಹಸು ಬತ್ತಿದ ಸಮಯದಲ್ಲಿ, ಅದೂ ಕರು ಹಾಕುವ ದಿನ ಲೆಕ್ಕ ಹಾಕಿ, ವೈದ್ಯರನ್ನು ಕೇಳಿಯೇ ಹಾಕಿಸಿ.

ಅಂದಹಾಗೆ, ಉಳಿದ ಐವರ್ಮೆಕ್ಟಿನ್ ಅನ್ನು ಮನೆಯ ನಾಯಿಗೆ ಚುಚ್ಚುವ ಅಭ್ಯಾಸ ಕೆಲವು ಕಡೆ ಇದೆ. ಔಷಧಿ ಮಿದುಳಿಗೆ ಹೋಗದಂತೆ ತಡೆಯುವುದೂ ಇಂಥದ್ದೇ ಒಂದು ಸಾಗಣೆ ಪ್ರೋಟೀನು. ಕೋಲಿ ಜಾತಿಯ ಹಲವು ನಾಯಿಗಳಲ್ಲಿ ಹುಟ್ಟಿನಿಂದಲೇ ಅದು ಕೆಟ್ಟಿರುತ್ತದೆ, ಅವು ಇದರಿಂದ ಪ್ರಜ್ಞೆ ತಪ್ಪಿ ಸಾಯಬಹುದು. ನಿಮ್ಮ ನಾಯಿಯ ವಂಶದಲ್ಲಿ ಏನಿದೆಯೋ ಯಾರಿಗೆ ಗೊತ್ತು. ಹಸುವಿನ ಅಳತೆಯ ಔಷಧಿ ನಾಯಿಗೆ ಬೇಡ.

ಹಸುಗಳಲ್ಲೂ ವ್ಯತ್ಯಾಸವಿದೆ. ಎಚ್‌ಎಫ್ ತಳಿಯ ಕೆಲವು ಹಸುಗಳಲ್ಲಿ ಎಬಿಸಿಜಿ2 ಪ್ರೋಟೀನಿನ ಒಂದೇ ಒಂದು ಕೊಂಡಿ ಬೇರೆಯಾಗಿರುತ್ತದೆ. ಅದರಿಂದ ಹಾಲಿನ ಫ್ಯಾಟ್, ಪ್ರೋಟೀನ್ ಅಂಶ ಬದಲಾಗುವುದು 2005ರಲ್ಲೇ ಗೊತ್ತಾಗಿತ್ತು. ಎನ್ರೋಫ್ಲಾಕ್ಸಾಸಿನ್‌ನ ಹತ್ತಿರದ ಔಷಧಿಯಾದ ಡ್ಯಾನೋಫ್ಲಾಕ್ಸಾಸಿನ್ ಅಂಥ ಹಸುಗಳ ಹಾಲಿಗೆ ಹೆಚ್ಚು ಬರುವುದು ಆಮೇಲೆ ಕಂಡುಬಂತು. "ಪಕ್ಕದ ಮನೆಯವರ ಹಸುವಿಗೆ ಮೂರೇ ದಿನ ಬಿಟ್ಟಿದ್ದರು" ಎಂಬ ಲೆಕ್ಕ ನಿಮ್ಮ ಹಸುವಿಗೆ ಹೊಂದಬೇಕೆಂದಿಲ್ಲ.

ಮೇವಿನಲ್ಲಿರುವ ವಿಷಕ್ಕೂ ಬಾಗಿಲು ಇದೇ. ಶಿಕಾರಿಪುರದ ಕಡೆ ಮನೆಯಲ್ಲೇ ಬೆಳೆದ ಮೆಕ್ಕೆಜೋಳವನ್ನು ನುಚ್ಚು ಮಾಡಿ ಹಾಕುವವರು ಬಹಳ. ಸರಿಯಾಗಿ ಒಣಗದ ಜೋಳ, ತೇವ ಹೀರಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿಗಳಲ್ಲಿ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಹುಟ್ಟುತ್ತದೆ. ಇಲಿಗಳಲ್ಲಿ ಎಬಿಸಿಜಿ2 ಇದನ್ನೂ ಹಾಲಿಗೆ ಹೊತ್ತು ಹಾಕುವುದು ಕಂಡಿದೆ. ಹಸುವಿನ ಪಿತ್ತಜನಕಾಂಗ ಇದನ್ನು ಎಂ1 ಎಂಬ ರೂಪಕ್ಕೆ ಬದಲಿಸುತ್ತದೆ, ಬೂಷ್ಟು ತಿಂದ 12 ಗಂಟೆಯೊಳಗೇ ಎಂ1 ಹಾಲಿನಲ್ಲಿ ಕಾಣಿಸಿಕೊಳ್ಳಬಹುದು. ಪಾಶ್ಚರೀಕರಣ ಅದನ್ನು ತೆಗೆಯುವುದಿಲ್ಲ. ನಮ್ಮ ದೇಶದಲ್ಲಿ ಹಾಲಿಗೆ ಅದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಸಮಾಧಾನದ ಸಂಗತಿ ಎಂದರೆ ಕೆಟ್ಟ ಮೇವು ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಅದು ಇಳಿದುಹೋಗುತ್ತದೆ. ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಕೊಡವಿ ತಿನ್ನಿಸಿದರೆ ಬೂಷ್ಟು ಹೋಗುತ್ತದೆ, ವಿಷ ಉಳಿಯುತ್ತದೆ.

ಈಗ ದಿನಗಳ ಲೆಕ್ಕ. ಪ್ರಾಣಿಗಳ ಔಷಧಿಯ ಮೇಲೆ ಹಾಲು ಎಷ್ಟು ದಿನ ಬಿಡಬೇಕು ಎಂದು ಮುದ್ರಿಸಬೇಕೆಂಬ ನಿಯಮ 2012ರಲ್ಲಿ ಬಂದಿದೆ. ಲೇಬಲ್‌ನಲ್ಲಿ ಅದನ್ನು ವಿತ್‌ಡ್ರಾವಲ್ ಪೀರಿಯಡ್ ಎನ್ನುತ್ತಾರೆ. ಔಷಧಿಗೆ ಇಂತಿಷ್ಟು ದಿನ ಎಂದು ಗೊತ್ತುಮಾಡದಿದ್ದರೆ ಹಾಲಿಗೆ ಕನಿಷ್ಠ ಏಳು ದಿನ. ಈ ಎಣಿಕೆ ಕೊನೆಯ ಡೋಸಿನಿಂದ ಶುರು, ಮೊದಲ ಡೋಸಿನಿಂದಲ್ಲ. ಮುದ್ರಿಸಿದ ದಿನಗಳು ಮುದ್ರಿಸಿದ ಅಳತೆಗಷ್ಟೇ ಅನ್ವಯ. ಬೇಗ ಗುಣವಾಗಲೆಂದು ಹೆಚ್ಚು ಹಾಕಿದರೆ, ಎರಡು ಔಷಧಿ ಒಟ್ಟಿಗೆ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಒಂದೇ ಹಮಾಲಿಗೆ ಎರಡು ಮೂಟೆ ಬಂದಾಗ ಯಾವುದು ಮೊದಲು, ಯಾವುದು ಹಿಂದೆ ಎಂದು ಹೇಳಲಾಗದು. ಕೆಚ್ಚಲು ಬಾವಿಗೆ ಒಂದೇ ಮೊಲೆಗೆ ಟ್ಯೂಬು ಏರಿಸಿದರೂ ಉಳಿದ ಮೂರು ಮೊಲೆಗಳ ಹಾಲನ್ನು ಹಾಕಬೇಡಿ. ಟ್ಯೂಬಿನ ಔಷಧಿ ರಕ್ತಕ್ಕೆ ಹೋಗಿ ಆ ಮೊಲೆಗಳಿಗೂ ಬರಬಲ್ಲದು.

ಸಿರಿಂಜು ತುಂಬುವ ಮೊದಲೇ ವೈದ್ಯರಿಗೆ "ಇದು ಕರೆಯುವ ಹಸು, ಹಾಲು ಡೇರಿಗೆ ಹೋಗುತ್ತದೆ" ಎಂದು ಹೇಳಿ. ಒಂದೇ ಕಾಯಿಲೆಗೆ ಕಡಿಮೆ ದಿನ ಬಿಡಬೇಕಾದ ಔಷಧಿ ಇದ್ದರೆ ಅದನ್ನೇ ಆರಿಸಬಹುದು, ನಿಮ್ಮ 70 ಲೀಟರ್ 30 ಆಗಬಹುದು. ಔಷಧಿಯ ಹೆಸರು, ಕೊನೆಯ ಡೋಸಿನ ತಾರೀಖು, ಹಾಲು ಹಾಕಬಹುದಾದ ತಾರೀಖು, ಈ ಮೂರನ್ನೂ ಕೊಟ್ಟಿಗೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯಿರಿ. ಬೆಳಿಗ್ಗೆ ಹಾಲು ಕರೆಯುವವರು ಒಬ್ಬರು, ಸಂಜೆ ಕರೆಯುವವರು ಇನ್ನೊಬ್ಬರು ಇರುತ್ತಾರೆ. ಆ ದಿನಗಳ ಹಾಲನ್ನು ಮನೆಯ ಮಕ್ಕಳಿಗೂ ಕೊಡಬೇಡಿ, ಕರುವಿಗೂ ಕುಡಿಸಬೇಡಿ. ಕರುವಿಗೆ ಬೇರೆ ಹಸುವಿನ ಹಾಲು ಕೊಡಿ, ಇದನ್ನು ಗುಂಡಿಗೆ ಚೆಲ್ಲಿ.