ಬಾಂಬು ಹಾಕಿದ ಕೈ, ಬೆಡ್‌ಪ್ಯಾನ್ ಎತ್ತಿದ ಕೈ

ಬೆಂಗಳೂರು: ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಚೆಷೈರ್ ಹೋಮ್ ಎಂಬ ಹೆಸರು ಹೊಸದಲ್ಲ. ಅಂಗವಿಕಲರ ಮನೆ ಅಂತ ಎಲ್ಲರಿಗೂ ಗೊತ್ತು. ಆದರೆ ಈ ಚೆಷೈರ್ ಯಾರು? ಅದು ಊರಿನ ಹೆಸರೋ, ದುಡ್ಡು ಕೊಟ್ಟ ಯಾವನೋ ಬಿಳಿ ಸಾಹುಕಾರನ ಹೆಸರೋ?

ಸಾಹುಕಾರನೂ ಅಲ್ಲ, ಊರೂ ಅಲ್ಲ. ಆತ ಒಬ್ಬ ಸೈನಿಕ. ಹೆಸರು ಲೆನಾರ್ಡ್ ಚೆಷೈರ್. ತೀರಿಕೊಂಡದ್ದು 1992ರ ಜುಲೈ 31ರಂದು, 74ನೇ ವಯಸ್ಸಿನಲ್ಲಿ. ಆತನ ಹೆಸರು ಹೊತ್ತ ಮನೆಗಳು ಇವತ್ತಿಗೂ ನಮ್ಮ ದೇಶದಲ್ಲಿವೆ. ಆತನ ಕಥೆ ಮಾತ್ರ ಜನ ಮರೆತಿದ್ದಾರೆ.

ಇಂಥಾ ಧೈರ್ಯ!

ಚೆಷೈರ್ ಹುಟ್ಟಿದ್ದು 1917ರಲ್ಲಿ. ತಂದೆ ಕಾನೂನು ಪಂಡಿತರು. ಮಗನೂ ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದವರೇ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಹುಡುಗ ಬಾಂಬರ್ ವಿಮಾನ ಹತ್ತಿದ. ಒಂದಲ್ಲ ಎರಡಲ್ಲ, ನೂರಕ್ಕೂ ಹೆಚ್ಚು ಸಲ ಶತ್ರುಗಳ ನೆಲದ ಮೇಲೆ ಹಾರಿ, ಜೀವಂತ ವಾಪಸು ಬಂದ. ಅಂಥ ಹಾರಾಟಗಳಲ್ಲಿ ಹೋದವರು ಹೋದಹಾಗೇ ಉಳಿಯುತ್ತಿದ್ದ ಕಾಲ ಅದು.

1944ರ ಫೆಬ್ರವರಿಯ ಒಂದು ರಾತ್ರಿ. ಫ್ರಾನ್ಸಿನ ಲಿಮೋಜ್ ಪಟ್ಟಣದಲ್ಲಿ ಜರ್ಮನರ ಕೈಯಲ್ಲಿದ್ದ ವಿಮಾನ ಎಂಜಿನ್ ಕಾರ್ಖಾನೆಯನ್ನು ಉಡಾಯಿಸಬೇಕು. ಒಳಗೆ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದವರು ಫ್ರಾನ್ಸಿನ ಬಡ ಹೆಣ್ಣುಮಕ್ಕಳು. ಚೆಷೈರ್ ಏನು ಮಾಡಿದರು ಗೊತ್ತೇ? ಬಾಂಬು ಹಾಕುವ ಮೊದಲು ಕಾರ್ಖಾನೆಯ ನೆತ್ತಿಯ ಮೇಲೇ ಮತ್ತೆ ಮತ್ತೆ ತೀರಾ ಕೆಳಗೆ ಹಾರಿದರು. ಸದ್ದು ಕೇಳಿ ಹೆಂಗಸರು ಹೊರಗೆ ಓಡಲಿ ಅಂತ! ಕೆಳಗಿನಿಂದ ಗುಂಡು ಬಿದ್ದರೆ ಹೋಗುವುದು ತಮ್ಮದೇ ಪ್ರಾಣ. ಆದರೂ ಹಾರಿದರು. ಹೆಂಗಸರು ಓಡಿದ ಮೇಲೆಯೇ ಬಾಂಬು ಬಿತ್ತು.

ಅದೇ ವರ್ಷ ಬ್ರಿಟನ್ನಿನ ಅತಿ ದೊಡ್ಡ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಅವರಿಗೆ ಸಿಕ್ಕಿತು. ಯಾವುದೋ ಒಂದು ದಿನದ ಸಾಹಸಕ್ಕಲ್ಲ, ನಾಲ್ಕು ವರ್ಷ ಬಿಡದೆ ತೋರಿಸಿದ ಧೈರ್ಯಕ್ಕೆ.

ಆ ಒಂದು ಬೆಳಗು

1945ರ ಆಗಸ್ಟ್ 9. ಜಪಾನಿನ ನಾಗಾಸಾಕಿಯ ಮೇಲೆ ಅಮೆರಿಕ ಅಣುಬಾಂಬು ಹಾಕಿತು. ಬ್ರಿಟನ್ನಿನ ಪರವಾಗಿ ನೋಡಿಕೊಂಡು ಬರಲು ಹೋದವರಲ್ಲಿ ಚೆಷೈರ್ ಒಬ್ಬರು. ದೂರದ ವಿಮಾನದಲ್ಲಿ ಕೂತು ಆ ಬೆಂಕಿಯ ಅಣಬೆ ಮೇಲೇಳುವುದನ್ನು ಕಣ್ಣಾರೆ ಕಂಡರು.

ಬಾಂಬು ಹಾಕಿದ್ದು ತಪ್ಪು ಅಂತ ಅವರು ಹೇಳಲಿಲ್ಲ. ಅದರಿಂದಲೇ ಯುದ್ಧ ನಿಂತಿತು ಅನ್ನುವುದು ಕೊನೇವರೆಗೂ ಅವರ ವಾದ. ಅದನ್ನು ಒಪ್ಪದವರು ಬಹಳ ಮಂದಿ ಇದ್ದರು. ಆದರೆ ಯುದ್ಧ ನಿಂತರೆ ಸಾಕೇ? ಮುಂದೆ ಮಾಡುವುದೇನು? ಈ ಪ್ರಶ್ನೆ ಅವರನ್ನು ಕೊರೆಯತೊಡಗಿತು.

ಮಾಜಿ ಸೈನಿಕರೆಲ್ಲ ಒಟ್ಟಿಗೆ ಬಾಳೋಣ ಅಂತ ಒಂದು ಬಡಾವಣೆ ಕಟ್ಟಿದರು. ಮುಳುಗಿತು. ಕೈಯಲ್ಲಿ ಉಳಿದದ್ದು ಸಾಲ, ಜೊತೆಗೆ ಲೆ ಕೋರ್ಟ್ ಅನ್ನುವ ಖಾಲಿ ಬಂಗಲೆ.

1948ರಲ್ಲಿ ಆಸ್ಪತ್ರೆಯಿಂದ ಸುದ್ದಿ ಬಂತು. ಹಿಂದೆ ಅವರ ಜೊತೆಗಿದ್ದ ಆರ್ಥರ್ ಡೈಕ್ಸ್ ಎಂಬಾತನಿಗೆ ಕ್ಯಾನ್ಸರ್. ಇನ್ನು ಮಾಡುವುದೇನೂ ಇಲ್ಲ, ಎಲ್ಲಾದರೂ ಕರೆದುಕೊಂಡು ಹೋಗಿ ಅಂದರು. ಎಲ್ಲಿಗೆ? ಚೆಷೈರ್ ಊರೆಲ್ಲಾ ಹುಡುಕಿದರು, ಯಾರೂ ಸೇರಿಸಿಕೊಳ್ಳಲಿಲ್ಲ. ಕೊನೆಗೆ ತಮ್ಮ ಬಂಗಲೆಗೇ ತಂದರು. ಪದಕ ತೊಟ್ಟ ವೀರ ಅಡುಗೆ ಮಾಡಿದರು, ಹಾಸಿಗೆ ಬದಲಿಸಿದರು, ಬೆಡ್‌ಪ್ಯಾನ್ ತೊಳೆದರು. ಕೆಲವು ತಿಂಗಳಲ್ಲಿ ಡೈಕ್ಸ್ ತೀರಿಕೊಂಡರು. ಅಷ್ಟರಲ್ಲಿ ಇನ್ನೊಬ್ಬರು ಬಾಗಿಲಿಗೆ ಬಂದಿದ್ದರು, ಆಮೇಲೆ ಮತ್ತೊಬ್ಬರು.

ಡೈಕ್ಸ್ ಕ್ಯಾಥೊಲಿಕ್. ಸಾಯುವವನ ಆ ನೆಮ್ಮದಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದ ಚೆಷೈರ್, ಅದೇ ವರ್ಷ ಕ್ರಿಸ್‌ಮಸ್ಸಿನ ಹಿಂದಿನ ದಿನ ಕ್ಯಾಥೊಲಿಕ್ ಸಭೆ ಸೇರಿದರು. ಹಾಗಂತ ಅವರ ಮನೆಗಳ ಬಾಗಿಲಲ್ಲಿ ನಿನ್ನ ಜಾತಿ ಯಾವುದು, ಮತ ಯಾವುದು ಅಂತ ಕೇಳುವವರಿಲ್ಲ. ಭಕ್ತಿ ತಮಗೆ, ಬಾಗಿಲು ಎಲ್ಲರಿಗೆ.

ಭಾರತದ ನಂಟು

ನಡುವೆ ಕ್ಷಯ ಹಿಡಿದು ಎರಡು ವರ್ಷಕ್ಕೂ ಮೇಲೆ ಹಾಸಿಗೆ ಹಿಡಿದರು. ಎದ್ದ ಮೇಲೆ ಹೊರಟದ್ದು ಭಾರತಕ್ಕೆ. ಬ್ರಿಟನ್ನಿನ ಹೊರಗೆ ಮೊದಲ ಚೆಷೈರ್ ಮನೆ ಎದ್ದದ್ದು ಮುಂಬೈನ ಅಂಧೇರಿಯಲ್ಲಿ. 1959ರಲ್ಲಿ ಸೇವೆಯಲ್ಲೇ ಹೆಸರಾಗಿದ್ದ ಸೂ ರೈಡರ್ ಅವರನ್ನು ಮದುವೆಯಾದದ್ದೂ ಅದೇ ಮುಂಬೈಯಲ್ಲಿ. ಡೆಹ್ರಾಡೂನಿನಲ್ಲಿ ಗಂಡ ಹೆಂಡತಿ ಸೇರಿ ಕಟ್ಟಿದ ರಫಾಯೆಲ್, ಕುಷ್ಠರೋಗಿಗಳಿಗೂ ದಿಕ್ಕಿಲ್ಲದ ಮಕ್ಕಳಿಗೂ ನೆರಳಾಯಿತು.

ಕೊನೆಗೆ ವಿಧಿಯ ಆಟ ನೋಡಿ. ಕೈಕಾಲು ಸೋತವರಿಗಾಗಿ ದುಡಿದವರಿಗೇ ನರದ ರೋಗ ಬಂದು ಕೈಕಾಲು ಸೋತವು. ಗಾಲಿಕುರ್ಚಿಯಲ್ಲೇ ಅವರು ರಾಣಿ ಎಲಿಜಬೆತ್ತರನ್ನು ಕಾಣಲು ಹೋದದ್ದು 1992ರಲ್ಲಿ. ಆ ವರ್ಷದ ಕ್ರಿಸ್‌ಮಸ್ ಭಾಷಣದಲ್ಲಿ ರಾಣಿ ಅದನ್ನು ನೆನೆದರು. ಆ ಮನುಷ್ಯ ತನ್ನ ಕಾಯಿಲೆ ಮಾತೇ ಎತ್ತಲಿಲ್ಲ, ಬೇರೆಯವರಿಗೆ ಏನು ಮಾಡಬಹುದು ಅನ್ನುವುದನ್ನೇ ಆಡಿದರು ಅಂತ.

ನಮ್ಮ ಮೆಟ್ಟಿಲು

2011ರ ಜನಗಣತಿಯ ಲೆಕ್ಕದಲ್ಲಿ ದೇಶದಲ್ಲಿ ಅಂಗವಿಕಲರು 2.68 ಕೋಟಿ. ನಮ್ಮ ರಾಜ್ಯದಲ್ಲೇ 13 ಲಕ್ಷ ದಾಟಿದೆ. ಇವರೆಲ್ಲ ಎಲ್ಲಿ? ಅಂಗಡಿಗೆ ಯಾಕೆ ಬರುವುದಿಲ್ಲ, ಬಸ್ಸಿನಲ್ಲಿ ಯಾಕೆ ಕಾಣುವುದಿಲ್ಲ? ಅಂಗಡಿ ಮುಂದಿನ ಮೂರು ಮೆಟ್ಟಿಲನ್ನೂ ಬಸ್ಸಿನ ಎತ್ತರದ ಫುಟ್‌ಬೋರ್ಡನ್ನೂ ಕೇಳಬೇಕು. ಅಂಗವಿಕಲರಿಗೆ ಅಂತ ಬರೆದಿರುವ ಸೀಟಿನಲ್ಲಿ ಗಟ್ಟಿಮುಟ್ಟಾಗಿ ಕೂತು ಕಿಟಕಿ ಆಚೆ ನೋಡುವವರನ್ನೂ ಕೇಳಬೇಕು.

ಚೆಷೈರ್ ಸಂಸ್ಥೆ ಕಟ್ಟಲು ಹೊರಟವರಲ್ಲ. ಎಲ್ಲರೂ ಬೇಡವೆಂದ ಒಬ್ಬನಿಗೆ ಹಾಸಿಗೆ ಹಾಕಿದರು, ಅಷ್ಟೇ. ಅಂಗಡಿ ಮುಂದೆ ಒಂದು ಹಲಗೆಯ ಇಳಿಜಾರು ಇಡುವುದಕ್ಕೆ, ಎದ್ದು ಒಂದು ಸೀಟು ಬಿಡುವುದಕ್ಕೆ ಯಾವ ಪದಕವೂ ಬೇಕಿಲ್ಲ.