ಆಟದ ಯಂತ್ರದ ಬ್ಯಾಕಪ್ಪಿಗೆ ಯೋಗ್ಯವಾದ ಡಿಸ್ಕು

ಸೋನಿ ಸಂಸ್ಥೆಯವರು 2013ರಲ್ಲಿ ಹೊರತಂದ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರವು ಅನೇಕ ಗೃಹಗಳಲ್ಲಿ ಇರುವುದಷ್ಟೆ. ಮಕ್ಕಳು ವರ್ಷಗಟ್ಟಲೆ ಆಡಿ ಸಂಪಾದಿಸಿದ ಘಟ್ಟಗಳೆಲ್ಲವೂ ಅದರೊಳಗಿನ ಒಂದೇ ಡಿಸ್ಕಿನಲ್ಲಿ ಅಡಗಿರುತ್ತವೆ. ಅದು ಕೆಟ್ಟಿತೆಂದರೆ ಸರ್ವವೂ ನಷ್ಟ. ಆದಕಾರಣ ಹೊರಗಿನ ಹಾರ್ಡ್ ಡಿಸ್ಕೊಂದರಲ್ಲಿ ಪ್ರತಿ ತೆಗೆದಿಡುವುದು ಉಚಿತವೆಂಬುದರಲ್ಲಿ ವಿವಾದವಿಲ್ಲ. ಆ ಡಿಸ್ಕಿಗೆ ಯಾವ ಫೈಲ್ ಸಿಸ್ಟಮ್ ಇರತಕ್ಕದ್ದೆಂಬುದೇ ಪ್ರಶ್ನೆ.

ಫೈಲ್ ಸಿಸ್ಟಮ್ ಎಂದರೆ ಪುಸ್ತಕಭಂಡಾರದ ಸೂಚೀಪತ್ರವಿದ್ದಂತೆ. ಯಾವ ಗ್ರಂಥವು ಯಾವ ಅರೆಯಲ್ಲಿದೆಯೆಂದು ಅದೇ ಹೇಳಬೇಕು. ಅದಿಲ್ಲದಿದ್ದರೆ ಗ್ರಂಥವಿದ್ದೂ ಇಲ್ಲದಂತೆ.

1996ರಲ್ಲಿ ಬಂದ ಫ್ಯಾಟ್ 32 ಎಂಬುದನ್ನು ಬಹುಪಾಲು ಯಂತ್ರಗಳೆಲ್ಲವೂ ಓದಬಲ್ಲವು. ಆದರೆ ಒಂದು ಫೈಲಿನ ಗಾತ್ರವನ್ನು ಬರೆಯಲು ಅದರಲ್ಲಿರುವುದು ಮೂವತ್ತೆರಡೇ ಸ್ಥಾನಗಳು. ಪ್ರತಿಯೊಂದರಲ್ಲಿಯೂ ಸೊನ್ನೆ ಅಥವಾ ಒಂದು. ಪಿಂಗಳನ ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸತಲ್ಲ. ಅನುಷ್ಟುಪ್ ಶ್ಲೋಕದ ಅಕ್ಷರಗಳೂ ಮೂವತ್ತೆರಡೇ. ಅಷ್ಟು ಸ್ಥಾನಗಳಲ್ಲಿ ಲಘು ಗುರುಗಳನ್ನು ಪ್ರಸ್ತಾರ ಮಾಡಿದರೆ 4,294,967,296 ಭೇದಗಳಾಗುವುವು. ಸೊನ್ನೆಗೊಂದು ಭೇದವು ಸಲ್ಲುವುದರಿಂದ ಇಲ್ಲಿ ಫೈಲಿನ ಪರಮಾವಧಿಯು 4,294,967,295 ಬೈಟು, ಎಂದರೆ ನಾಲ್ಕು ಗಿಗಾಬೈಟಿಗೆ ಒಂದು ಬೈಟು ಕಡಮೆ. ದೊಡ್ಡ ಚಲಚ್ಚಿತ್ರವೊಂದನ್ನು ಅದೇ ಡಿಸ್ಕಿಗೆ ಹಾಕಹೋದರೆ, ಸ್ಥಳವು ಬೇಕಾದಷ್ಟಿದ್ದರೂ ಹಿಡಿಸದು.

1993ರಲ್ಲಿ ಬಂದ ಎನ್‌ಟಿಎಫ್‌ಎಸ್ ಎಂಬುದಕ್ಕೆ ಆ ಇಕ್ಕಟ್ಟಿಲ್ಲ. ಮೇಲಾಗಿ ಅದು ಜಾಣ ವರ್ತಕನಂತೆ ಮೊದಲು ರೋಜಿನಲ್ಲಿ ಗುರುತು ಹಾಕಿಕೊಂಡು ಬಳಿಕ ಖಾತೆಗೆ ಏರಿಸುವುದರಿಂದ, ನಡುವೆ ವಿದ್ಯುತ್ತು ನಿಂತರೂ ಲೆಕ್ಕವನ್ನು ಸರಿಪಡಿಸಿಕೊಳ್ಳಬಲ್ಲುದು. ಗುಣದಲ್ಲಿ ಇದಕ್ಕೇ ನಮ್ಮ ಮತ. ಆದರೇನು, ಪ್ಲೇಸ್ಟೇಷನ್ ಇದನ್ನು ಅಂಗೀಕರಿಸುವುದಿಲ್ಲ!

ಉಳಿದುದು 2006ರ ಎಕ್ಸ್‌ಫ್ಯಾಟ್. ನಾಲ್ಕು ಗಿಗಾಬೈಟಿನ ಎಲ್ಲೆ ಇದಕ್ಕಿಲ್ಲ. ವಿಂಡೋಸ್, ಮ್ಯಾಕ್ ಎರಡರಲ್ಲಿಯೂ ಓದಲೂ ಬರೆಯಲೂ ಬರುತ್ತದೆ. 2019ರಿಂದ ಲಿನಕ್ಸಿನ ತಿರುಳಿಗೂ ಸೇರಿದೆ. ಪ್ಲೇಸ್ಟೇಷನ್ 4 ಮಾತ್ರವಲ್ಲದೆ 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಸಹ ಬ್ಯಾಕಪ್ಪಿಗೆ ಇದನ್ನು ಒಪ್ಪುತ್ತದೆ. ಗೃಹಸ್ಥರು ಇದನ್ನೇ ಆರಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಇದಕ್ಕೆ ರೋಜು ಇಲ್ಲದಿರುವುದೊಂದು ಕೊರತೆ. ಬರೆಯುತ್ತಿರುವಾಗಲೇ ತಂತಿಯನ್ನು ಕಿತ್ತರೆ ಸೂಚೀಪತ್ರವೇ ಕೆಡಬಹುದು. ಮಕ್ಕಳಿಗೆ ಇದನ್ನು ಮೊದಲೇ ತಿಳಿಯಹೇಳಬೇಕು.

ಇನ್ನು ಫಾರ್ಮ್ಯಾಟ್ ಎಂಬ ಮಾತಿನ ವಿಷಯ. ಯಾವ ಪದ್ಧತಿಯನ್ನು ಆರಿಸಿದರೂ ಫಾರ್ಮ್ಯಾಟ್ ಮಾಡಿದೊಡನೆ ಹಳೆಯ ಸೂಚೀಪತ್ರವು ಹೋಗಿ, ಡಿಸ್ಕಿನಲ್ಲಿದ್ದುದೆಲ್ಲವೂ ಕೈತಪ್ಪುವುದು. ಮಗಳ ಮದುವೆಯ ಚಿತ್ರಗಳು ಅದರಲ್ಲಿದ್ದರೆ ಮೊದಲು ಬೇರೆಡೆಗೆ ತೆಗೆದಿಡಿರಿ. 2017ರಿಂದ ಪ್ಲೇಸ್ಟೇಷನ್ 4ರಲ್ಲಿ ಎಕ್ಸ್‌ಟೆಂಡೆಡ್ ಸ್ಟೋರೇಜ್ ಎಂಬ ಬೇರೊಂದು ಸೌಕರ್ಯವೂ ಉಂಟು. ಅದು 250 ಗಿಗಾಬೈಟಿನಿಂದ 8 ಟೆರಾಬೈಟಿನವರೆಗಿನ ಡಿಸ್ಕನ್ನು ತನ್ನದೇ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಂಡು ಆಟಗಳನ್ನು ಅದರಲ್ಲಿ ಇರಿಸುತ್ತದೆ. ಮನೆಯ ಕಂಪ್ಯೂಟರು ಅದನ್ನು ಓದಲಾರದು. ಅದು ಬ್ಯಾಕಪ್ ಅಲ್ಲ. ಹುಡುಗರು ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತುವುದು ಸಂಭವವಾದುದರಿಂದ, ಎರಡಕ್ಕೂ ಬೇರೆ ಬೇರೆ ಡಿಸ್ಕುಗಳನ್ನಿಟ್ಟು ಚೀಟಿ ಅಂಟಿಸುವುದು ಮೇಲು.

ಪ್ರತಿ ತೆಗೆಯುವ ಕ್ರಮವು ಸುಲಭ: ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಬ್ಯಾಕಪ್ ಅಂಡ್ ರಿಸ್ಟೋರ್. ಟ್ರೋಫಿಗಳು ಮಾತ್ರ ಈ ಪ್ರತಿಗೆ ಸೇರವಾದ್ದರಿಂದ, ಅವನ್ನು ಮೊದಲೇ ಪ್ಲೇಸ್ಟೇಷನ್ ನೆಟ್‌ವರ್ಕಿಗೆ ಕಳುಹಿಸಿಟ್ಟಿರಬೇಕು. ರಿಸ್ಟೋರ್ ಮಾಡುವಾಗ ಯಂತ್ರದಲ್ಲಿ ಆಗ ಇರುವುದೆಲ್ಲವೂ ಅಳಿಸಿಹೋಗುತ್ತದೆ. ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿದ್ದರೆ ಒಳ್ಳೆಯದು.