ದೋಣಿಯ ಮೈಗೀರು ಮತ್ತು ಮೆರುಗಿನ ಲೆಕ್ಕ

ಹಿತ್ತಾಳೆಯ ಪಾತ್ರೆಗಳಿದ್ದ ಅಡಿಗೆಮನೆಯಲ್ಲಿ ದುಡಿದವರಿಗೆ ಕಲಾಯಿಯ ಸಂಗತಿಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಪಾತ್ರೆಯ ಒಳಮೈಗೆ ಹಚ್ಚಿದ ತವರದ ಆ ತೆಳುಪದರ ಇರುವ ತನಕ ಸಾರು, ಹುಳಿ ಎಲ್ಲವೂ ಕ್ಷೇಮ. ಹೊಸದಾಗಿ ಬಂದ ಮಾಣಿಯು ಹೊಳಪು ಬರಲೆಂದು ಮರಳು ಹಾಕಿ ತಿಕ್ಕಿದನೆಂದರೆ ಹೊಳಪೇನೋ ಬರುತ್ತದೆ; ಆದರೆ ಕಲಾಯಿ ಸವೆದು ಹಿತ್ತಾಳೆ ತಲೆದೋರುತ್ತದೆ, ಹುಳಿಗೆ ಕಿಲುಬು ಇಳಿಯುತ್ತದೆ. ಆ ಹುಡುಗನ ಶ್ರದ್ಧೆಯಲ್ಲಿ ಕೊರತೆಯಿಲ್ಲ. ತಿಕ್ಕುವುದರಿಂದ ಹೋಗುವುದೇನು ಎಂಬ ಅರಿವು ಮಾತ್ರ ಅವನಿಗಿಲ್ಲ.

ಈ ಮಾತು ನಮಗೆ ನೆನಪಾದುದು ದೋಣಿಯೊಂದರ ದೆಸೆಯಿಂದ. ನಮ್ಮ ಹೋಟೆಲಿನಲ್ಲಿ ಹನ್ನೆರಡು ವರ್ಷ ದುಡಿದ ತರುಣನೊಬ್ಬನು ಮುಂಬಯಿಯಲ್ಲಿ ಉಳಿಸಿದ ಹಣವನ್ನೆಲ್ಲ ಕೂಡಿಸಿಕೊಂಡು ಮಲ್ಪೆಯ ಕಡೆಯ ತನ್ನೂರಿಗೆ ಮರಳಿದನು. ಅಣ್ಣನೊಡನೆ ಸೇರಿ ಫೈಬರಿನ ಹಳೆಯ ನಾಡದೋಣಿಯೊಂದನ್ನು ಕೊಂಡನು. ದೋಣಿ ಗಟ್ಟಿಯಾಗಿಯೇ ಇತ್ತು. ಆದರೆ ಮೈತುಂಬ ಗೀರುಗಳು. ನೀಲಿ ಬಣ್ಣ ಬಿಸಿಲಿಗೆ ಬಿಳಿಚಿಕೊಂಡು, ಮುಟ್ಟಿದರೆ ಕೈಗೆ ಸುಣ್ಣದಂಥ ಪುಡಿ ಅಂಟುತ್ತಿತ್ತು. ನೀರಿಗಿಳಿಸುವ ಮುನ್ನ ಅದನ್ನು ಮದುಮಗಳಂತೆ ಮಾಡಬೇಕೆಂಬ ಹಂಬಲದಿಂದ, ಮೋಟಾರು ಗಾಡಿಗಳಿಗೆ ಮೆರುಗು ಕೊಡುವವನೊಬ್ಬನನ್ನು ಕರೆತಂದನು. ಆತನು ಉರಿಬಿಸಿಲಿನಲ್ಲಿ ಯಂತ್ರ ಹಿಡಿದು ಒಂದೇ ಹಗಲಿನಲ್ಲಿ ಕೆಲಸ ಮುಗಿಸಿದನು. ಆ ರಾತ್ರಿ ನಮಗೆ ಫೋನು ಬಂದಿತು: “ಅಣ್ಣಾ, ದೋಣಿ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಆದರೆ ಅಂಚಿನಲ್ಲೆಲ್ಲ ಒಳಗಿನ ನಾರು ಕಾಣುತ್ತಿದೆಯಲ್ಲ!”

ಕಲಾಯಿ ಹೋಗಿತ್ತು.

ಫೈಬರ್ ದೋಣಿಯನ್ನು ಕಟ್ಟುವ ಬಗೆಯನ್ನರಿತರೆ ಈ ಅನರ್ಥದ ಕಾರಣವು ತಿಳಿಯುತ್ತದೆ. ಮರದ ದೋಣಿಗೆ ಮೊದಲು ಮೈ, ಆಮೇಲೆ ಬಣ್ಣ. ಇಲ್ಲಿ ಕ್ರಮವೇ ತಿರುಗುಮುರುಗು. ದೋಣಿಯಾಕಾರದ ಅಚ್ಚಿನೊಳಗೆ ಮೊಟ್ಟಮೊದಲು ಬಣ್ಣ ಬೆರೆತ ಪಾಲಿಯೆಸ್ಟರ್ ರಾಳವನ್ನು ಬಳಿಯುತ್ತಾರೆ; ಇದಕ್ಕೆ ಜೆಲ್‌ಕೋಟ್ ಎಂದು ಹೆಸರು. ಅದರ ಮೇಲೆ ಗಾಜಿನ ನಾರಿನ ಹಾಸುಗಳನ್ನು ರಾಳದಲ್ಲಿ ತೋಯಿಸಿ ಒಂದರ ಮೇಲೊಂದು ಕೂರಿಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಎತ್ತಿದರೆ, ಮೊದಲು ಬಳಿದುದೇ ಹೊರಮೈಯಾಗುತ್ತದೆ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಒಳಗಿನ ನಾರನ್ನು ಬಿಸಿಲಿನಿಂದಲೂ ಉಪ್ಪುನೀರಿನಿಂದಲೂ ಕಾಯುವುದು ಇಷ್ಟೇ. ಇದು ಹೋದಲ್ಲಿ ನೀರು ನಾರಿನ ಎಳೆಗಳನ್ನು ಹಿಡಿದು ಮೆಲ್ಲಮೆಲ್ಲನೆ ಒಳಸೇರುತ್ತದೆ. ದೋಣಿ ತೂಕವೇರುತ್ತದೆ, ಪದರಗಳ ಬಿಗಿ ಸಡಿಲುತ್ತದೆ.

ಗೀರನ್ನು ‘ತೆಗೆಯುವುದು’ ಎಂದು ನಾವು ಹೇಳುತ್ತೇವೆ. ನಿಜವಾಗಿ ನೋಡಿದರೆ ಗೀರೆಂಬುದು ಒಂದು ಕಾಲುವೆ. ಕಾಲುವೆಯನ್ನು ಕಿತ್ತುಹಾಕಲು ಬರುವುದಿಲ್ಲ. ಅದರ ಎರಡೂ ದಡಗಳನ್ನು ಅದರ ತಳದ ಮಟ್ಟಕ್ಕೆ ಇಳಿಸುವುದೇ ಮೆರುಗಿನ ಕೆಲಸ. ಆದುದರಿಂದ ಪ್ರತಿಯೊಂದು ಹೊಳಪಿಗೂ ಆ ಅರ್ಧ ಮಿಲಿಮೀಟರಿನ ಗಂಟಿನಿಂದ ಒಂದಿಷ್ಟು ಖರ್ಚಾಗುತ್ತದೆ. ಗಲ್ಲಾದ ಮೇಲೆ ಕುಳಿತು ಬಲ್ಲವರು ಈ ಲೆಕ್ಕವನ್ನು ಬೇಗನೆ ಗ್ರಹಿಸಿಯಾರು: ಜಮೆಯಿಲ್ಲದೆ ಬರಿಯ ಖರ್ಚೇ ಆದರೆ ಅಂಗಡಿ ಎಷ್ಟು ದಿನ?

ಹಾಗಾದರೆ ಮಾಡತಕ್ಕ ಕ್ರಮವೇನು? ದೋಣಿ ಕಟ್ಟುವ ಕೊಟ್ಟಿಗೆಯ ಹಿರಿಯ ಕೆಲಸಗಾರರೊಬ್ಬರು ನಮಗೆ ತಿಳಿಸಿದುದನ್ನೂ ನಾವು ಕಣ್ಣಾರೆ ನೋಡಿದುದನ್ನೂ ಇಲ್ಲಿ ಅರಿಕೆ ಮಾಡುತ್ತೇವೆ.

ಮೊದಲು ಸಿಹಿನೀರಿನಿಂದ ಉಪ್ಪು, ಮರಳು, ಜಿಡ್ಡನ್ನೆಲ್ಲ ತೊಳೆಯಬೇಕು. ಒಂದು ಕಣ ಮರಳುಳಿದರೂ ಹತ್ತು ಹೊಸ ಗೀರು. ಬಳಿಕ ಉಗುರಿನ ಪರೀಕ್ಷೆ. ಗೀರಿಗೆ ಅಡ್ಡಲಾಗಿ ಉಗುರನ್ನೆಳೆದಾಗ ಅದು ಸಿಕ್ಕಿಕೊಳ್ಳದಿದ್ದರೆ ರಬ್ಬಿಂಗ್ ಕಾಂಪೌಂಡೇ ಸಾಕಾಗಬಹುದು. ಸ್ವಲ್ಪ ತಡೆದರೆ ವಾಟರ್ ಪೇಪರ್ ಬೇಕು. ಉಗುರು ಚೆನ್ನಾಗಿ ಇಳಿದರೆ, ಇಲ್ಲವೆ ತಳದಲ್ಲಿ ಬೇರೆ ಬಣ್ಣವೋ ನಾರೋ ಕಂಡರೆ, ಉಜ್ಜುವ ಯೋಚನೆಯನ್ನೇ ಬಿಡಬೇಕು. ಅದು ತುಂಬಬೇಕಾದ ಗಾಯ.

ಉಜ್ಜುವುದು ನೆರಳಿನಲ್ಲಿ, ನೀರು ಹನಿಸುತ್ತ, ಮಟ್ಟಸವಾದ ತುಂಡಿಗೆ ಕಾಗದವನ್ನು ಸುತ್ತಿಕೊಂಡು. ವಾಟರ್ ಪೇಪರಿನ ಅಂಕಿ ಹೆಚ್ಚಿದಷ್ಟೂ ಅದು ನಯ. ಕೆಲಸ ತೀರಿಸಬಲ್ಲ ಅತ್ಯಂತ ನಯವಾದ ಕಾಗದದಿಂದಲೇ ಆರಂಭಿಸತಕ್ಕದ್ದು. 800 ಸಾಲುವಲ್ಲಿ 400ನ್ನು ಮುಟ್ಟಬಾರದು. ಅಲ್ಲಿಂದ 1000, 1500, 2000 ಎಂದು ಮೆಟ್ಟಿಲಿಳಿದಂತೆ ಹೋಗಬೇಕು. ಪ್ರತಿ ಮೆಟ್ಟಿಲಿಗೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿದರೆ ಹಿಂದಿನ ಕಾಗದದ ಗೆರೆಗಳು ಅಳಿದುವೋ ಇಲ್ಲವೋ ಕಾಣುತ್ತದೆ. ಒದ್ದೆಯಿದ್ದಾಗ ಎಲ್ಲವೂ ಚೆಂದ. ಒರಸಿ ಒಣಗಿಸಿ ನೋಡಿದ ಮೇಲೆಯೇ ಮುಂದಿನ ಮೆಟ್ಟಿಲು. ನಡುವೆ ಒಂದನ್ನು ಹಾರಿದವನು ಕೊನೆಗೆ ಹೊಳಪಿನೊಳಗೆ ಗೆರೆಗಳನ್ನು ಕಂಡು ಮೊದಲಿನಿಂದ ತೊಡಗಬೇಕಾಗುತ್ತದೆ. ಅಂದರೆ ಎರಡು ಪಾಲು ಪದರ ನಷ್ಟ.

ಆಮೇಲೆ ಉಣ್ಣೆಯ ಬಿಲ್ಲೆಯ ಯಂತ್ರದಿಂದ ಕಾಂಪೌಂಡು, ಸ್ಪಂಜಿನ ಬಿಲ್ಲೆಯಿಂದ ನಯವಾದ ಪಾಲಿಶ್. ಒಮ್ಮೆಗೆ ಎರಡಡಿ ಚೌಕ ಮಾತ್ರ. ಯಂತ್ರದ ವೇಗ ಕಡಿಮೆಯಿರಲಿ, ಅದು ಒಂದೆಡೆ ನಿಲ್ಲದಿರಲಿ. ಅಂಗೈಯಿಟ್ಟಾಗ ಮೈ ಬಿಸಿಯೆನಿಸಿದರೆ ನಿಲ್ಲಿಸಬೇಕು. ಅಂಚು, ಮೂಲೆಗಳಲ್ಲಿ ಯಂತ್ರದ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬೀಳುವುದರಿಂದ ಪದರ ಬೇಗನೆ ಸವೆಯುತ್ತದೆ. ಅಲ್ಲಿಗೆ ಟೇಪು ಅಂಟಿಸಿ, ಕೊನೆಗೆ ಕೈಯಿಂದಲೇ ಉಜ್ಜುವುದು ಲೇಸು. ಮೇಣದ ಲೇಪದಿಂದ ಮುಕ್ತಾಯ. ಈ ಮೇಣವು ನಮ್ಮ ಗಂಟಿಗೆ ಕಾವಲುಗಾರನಿದ್ದಂತೆ: ಬಿಸಿಲಿನ ಪೆಟ್ಟನ್ನು ತಾನು ತಿನ್ನುತ್ತದೆ, ಸವೆದರೆ ಮತ್ತೆ ಹಚ್ಚಬಹುದು. ಆದರೆ ಕಾಲಿಟ್ಟು ನಡೆಯುವಲ್ಲಿ ಮೇಣವೂ ಬೇಡ, ಮೆರುಗೂ ಬೇಡ. ಬಲೆಯೆಳೆಯುವವನ ಕಾಲು ಜಾರಿದರೆ ಚೆಂದದಿಂದೇನು ಫಲ?

ಆಳವಾದ ಗೀರಿಗೆ ಬಾಯಗಲಿಸಿ, ಅಸಿಟೋನಿನಿಂದ ಒರಸಿ, ಬಣ್ಣ ಹೊಂದಿದ ಜೆಲ್‌ಕೋಟಿಗೆ ತಯಾರಕರು ಹೇಳಿದ ಪ್ರಮಾಣದಷ್ಟೇ ಹಾರ್ಡನರ್ ಬೆರೆಸಿ, ತುಸು ಉಬ್ಬುವಂತೆ ತುಂಬಬೇಕು. ಗಾಳಿ ತಾಗಿದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುವುದರಿಂದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುತ್ತಾರೆ. ಗಟ್ಟಿಯಾದ ಬಳಿಕ ಮೇಲಿನಂತೆ ಉಜ್ಜುವುದು. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅಸಿಟೋನು ಕಿಡಿಗಾಗಿ ಕಾದಿರುವ ದ್ರವ. ಕನ್ನಡಕ, ಕೈಚೀಲ, ಮೂಗಿಗೆ ಮುಸುಕು ಇಲ್ಲದೆ ಕೆಲಸವಿಲ್ಲ. ಬೀಡಿಯಂತೂ ಹತ್ತಿರ ಸುಳಿಯಬಾರದು. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ವರೆಗೆ ನಿಷೇಧವಿರುವುದರಿಂದ ದುರಸ್ತಿಯನ್ನೆಲ್ಲ ಆಗಲೇ ಮಾಡೋಣವೆನ್ನುವುದು ಸಹಜ. ಆದರೆ ತೇವದಲ್ಲಿ ರಾಳವು ಸರಿಯಾಗಿ ಹಿಡಿಯದು. ಮಳೆಗೆ ಮುನ್ನವೋ ಒಣಗಿದ ಕೊಟ್ಟಿಗೆಯೊಳಗೋ ಮಾಡುವುದು ಕ್ಷೇಮ.

ನಮ್ಮ ತರುಣನ ದೋಣಿಗೆ ಅಂಚುದ್ದಕ್ಕೂ ಹೊಸ ಜೆಲ್‌ಕೋಟ್ ಬಳಿಯಬೇಕಾಯಿತು. ಮುಂಬಯಿಯ ಮೂರು ತಿಂಗಳ ಸಂಬಳದಷ್ಟು ಹಣ ಅದಕ್ಕೆ ಹೋಯಿತು. ಹೊಸ ನೀಲಿಯು ಹಳೆಯ ನೀಲಿಗೆ ಪೂರ್ತಿ ಹೊಂದಲಿಲ್ಲ. ಕಳೆದ ಸಲ ಊರಿಗೆ ಹೋದಾಗ ನಾವದನ್ನು ಕಂಡೆವು. ಪಕ್ಕದಲ್ಲಿ ಉಗುರಿಗೆ ಸಿಗುವ ಎರಡು ಗೀರುಗಳು ಹಾಗೆಯೇ ಇದ್ದುವು. ಕೇಳಿದ್ದಕ್ಕೆ ನಕ್ಕು, “ಅದು ಇರಲಿ ಅಣ್ಣಾ, ಅಡಿಯಲ್ಲಿ ಕಲಾಯಿ ಉಂಟು” ಎಂದನು.

ಊರಿನಲ್ಲಿ ಅಣ್ಣತಮ್ಮಂದಿರೊಡನೆ ಪಾಲುಗೂಡಿ ಹಳೆಯ ದೋಣಿ ಕೊಳ್ಳುವ ಆಸೆ ನಮ್ಮ ವಾಚಕರಲ್ಲಿ ಹಲವರಿಗಿದೆ. ಅವರಲ್ಲಿ ಒಂದು ವಿನಂತಿ. ಹೊಳೆಯುವ ದೋಣಿಯನ್ನು ಕಂಡೊಡನೆ ಮುಂಗಡ ಕೊಡದಿರಿ. ಅಂಚುಗಳಲ್ಲಿ ಬಣ್ಣ ತೆಳುವಾಗಿ ಒಳಗಿನ ಛಾಯೆ ಕಾಣುವುದೋ, ಕೊಕ್ಕೆ ಕೀಲುಗಳ ಸುತ್ತ ನಕ್ಷತ್ರದಂಥ ಸೀಳುಗಳಿವೆಯೋ, ನೀರಿನಡಿಯ ಭಾಗದಲ್ಲಿ ಗುಳ್ಳೆಗಳೆದ್ದಿವೆಯೋ ನೋಡಿರಿ. ಗೀರಿದ್ದೂ ಪದರ ಉಳಿದ ದೋಣಿ, ಗೀರಿಲ್ಲದೆ ಪದರ ಸವೆದ ದೋಣಿಗಿಂತ ಮೇಲು. ವರ್ಷಗಟ್ಟಲೆ ಲೋಟ ತೊಳೆದೂ ಲೆಕ್ಕ ಬರೆದೂ ಗಳಿಸಿದ ಹಣವನ್ನು ಹಾಕುವ ಮುನ್ನ ಒಂದು ಗಳಿಗೆ ಉಗುರನ್ನೆಳೆದು ನೋಡುವುದರಲ್ಲಿ ಸಂಕೋಚವೇತಕ್ಕೆ?